ಹುಲ್ಲುಗಾವಲಿನ ಜಮಾಖರ್ಚು

1966ರ ಜೂನ್ 8ರಂದು ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಟೊಪೀಕ ನಗರದ ಮೇಲೆ ಭೀಕರವಾದ ಸುಂಟರಗಾಳಿ ಎರಗಿತು. ಅಲ್ಲಿನ ಟೆಲಿವಿಷನ್ ಕೇಂದ್ರದಿಂದ ಅಂದು ಜನರನ್ನು ಎಚ್ಚರಿಸಿದವರು ಬಿಲ್ ಕರ್ಟಿಸ್ ಎಂಬ ತರುಣರು. ಮುಂದೆ ಅವರು ಷಿಕಾಗೊ ನಗರದ ಹೆಸರಾಂತ ವಾರ್ತಾವಾಚಕರಾದರು. ಇದೇ ಕರ್ಟಿಸ್‌ರವರು 2005ರಲ್ಲಿ, ಕೇವಲ ಹುಲ್ಲು ಮೇದು ಬೆಳೆದ ದನಗಳ ಮಾಂಸವನ್ನು ಮಾರುವ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಇದರಿಂದ ಭೂಮಿಗೆ ಹಿತವುಂಟೆ? ವಿಚಾರಿಸಿ ನೋಡೋಣ.

ಅವರ ದನಗಾವಲು ಇದ್ದುದು ಕ್ಯಾನ್ಸಸಿನ ಸೆಡಾನ್ ಊರಿನ ಬಳಿ. ಅಮೆರಿಕದ ನಡುನಾಡಿನಲ್ಲಿ ಹಿಂದೆ ಸುಮಾರು 17 ಕೋಟಿ ಎಕರೆಗಳಷ್ಟು ಎತ್ತರದ ಹುಲ್ಲಿನ ಬಯಲಿತ್ತು. ಈಗ ಉಳಿದಿರುವುದು ನೂರರಲ್ಲಿ ನಾಲ್ಕು ಪಾಲಿಗಿಂತಲೂ ಕಡಿಮೆ. ಅದರಲ್ಲಿ ಬಹುಭಾಗ ಇರುವುದು ಕ್ಯಾನ್ಸಸಿನ ಫ್ಲಿಂಟ್ ಬೆಟ್ಟಗಳಲ್ಲಿ. ಅಲ್ಲಿ ತೆಳುಮಣ್ಣಿನ ಕೆಳಗೇ ಸುಣ್ಣಕಲ್ಲು, ಚಕಮಕಿಕಲ್ಲು. ನೇಗಿಲು ಇಳಿಯದುದರಿಂದಲೇ ಹುಲ್ಲು ಉಳಿಯಿತು.

ಹುಲ್ಲಿನಲ್ಲಿರುವ ಸೆಲ್ಯುಲೋಸ್ ಸೂರ್ಯಶಕ್ತಿಯ ಭಂಡಾರ. ಮನುಷ್ಯನಿಗೆ ಅದು ಜೀರ್ಣವಾಗದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಆಹಾರವಾಗಿಸುತ್ತವೆ. ಅಮೆರಿಕದ ಹೆಚ್ಚಿನ ದನಗಳನ್ನು ಕೊನೆಯ ಕೆಲವು ತಿಂಗಳು ದೊಡ್ಡಿಯಲ್ಲಿ ಕೂಡಿ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವುದು ವಾಡಿಕೆ. ಆ ಜೋಳಕ್ಕೆ ರಸಗೊಬ್ಬರ ಬೇಕು, ಟ್ರಾಕ್ಟರಿಗೆ ಎಣ್ಣೆ ಬೇಕು. ಹುಲ್ಲು ತಾನಾಗಿ ಬೆಳೆಯುತ್ತದೆ. ದನವೇ ನಡೆದು ಹೋಗಿ ಅದನ್ನು ಮೇಯುತ್ತದೆ. ಇದು ಜಮೆಯ ಕಡೆಯ ಲೆಕ್ಕ.

ಖರ್ಚಿನ ಕಡೆಯೂ ಒಂದುಂಟು. ಸೆಲ್ಯುಲೋಸ್ ಹುಳಿಯುವಾಗ ಮೀಥೇನ್ ಅನಿಲ ಹುಟ್ಟಿ, ತೇಗಿನ ಮೂಲಕ ಹೊರಬರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಅದು ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಾಲು ಹೆಚ್ಚಾಗಿ ಕಾಯಿಸುತ್ತದೆ. ಹುಲ್ಲನ್ನೇ ನಂಬಿದ ದನ ತೂಕ ಬರಲು ಹೆಚ್ಚು ಕಾಲ ಬೇಕು. ಆದುದರಿಂದ ಮಾಂಸದ ಒಂದೊಂದು ಕಿಲೋಗ್ರಾಮಿಗೂ ಹೊರಬೀಳುವ ಮೀಥೇನ್ ಸಾಮಾನ್ಯವಾಗಿ ಹೆಚ್ಚು. ಬೇಕಾಗುವ ನೆಲವೂ ಹೆಚ್ಚು. ಹುಲ್ಲಿನ ಆಳವಾದ ಬೇರುಗಳು ಮಣ್ಣಿನಲ್ಲಿ ಇಂಗಾಲವನ್ನು ಸೇರಿಸುತ್ತವೆಂಬುದು ನಿಜ. ಆದರೆ ಮಣ್ಣಿನ ಕಣಜಕ್ಕೂ ಒಂದು ಮಿತಿಯಿದೆ. ಅದು ತುಂಬುತ್ತ ಬಂದಂತೆ ಹೊಸದಾಗಿ ಸೇರುವುದು ಕುಗ್ಗುತ್ತದೆ. ಮೀಥೇನ್ ಮಾತ್ರ ದನವಿರುವಷ್ಟು ದಿನವೂ ಬರುತ್ತಲೇ ಇರುತ್ತದೆ.

ಹಾಗಾದರೆ ತೀರ್ಮಾನವೇನು? ಉಳಲಾಗದ ಬಯಲಿನಲ್ಲಿ, ಹುಲ್ಲಿಗೆ ಚಿಗುರಲು ಬಿಡುವು ಕೊಟ್ಟು ಮಿತವಾಗಿ ದನ ಮೇಯಿಸಿದರೆ, ಅಳಿದುಳಿದ ಹುಲ್ಲುಗಾವಲಿಗೆ ರಕ್ಷಣೆಯುಂಟು. ಆದರೆ ಇಂದಿನ ಮಾಂಸದ ಬೇಡಿಕೆಯನ್ನೆಲ್ಲ ಅದರಿಂದಲೇ ಪೂರೈಸುವೆವೆಂದರೆ ಆ ಲೆಕ್ಕ ಕೂಡಿಬರುವುದಿಲ್ಲ. ಹುಲ್ಲುಗಾವಲು ಉಳಿಯಬೇಕಾದರೆ ಉಣ್ಣುವವರ ತಟ್ಟೆಯಲ್ಲಿಯೂ ಮಿತಿ ಇರಬೇಕೆಂದು ನಮಗೆ ತೋರುತ್ತದೆ.