ಪಂಪ್ ಗೊರಗುಡ್ತಿದ್ಯಾ? ಮೊದಲು ಗಾಳಿ ಹುಡುಕಿ

ಹೊಸ ವಾಟರ್‌ಕೂಲಿಂಗ್ ಲೂಪ್ ಕಟ್ಟಿದ್ದೀರಿ, ಪಿಸಿ ಆನ್ ಮಾಡಿದ ಕೂಡಲೇ ಪಂಪ್ ಗೊರ ಗೊರ ಅಂತಿದೆ. ಗಾಬರಿ ಬೇಡ. ಹೊಸ ಲೂಪಿನಲ್ಲಿ ಇದು ಬಹುಮಟ್ಟಿಗೆ ಒಳಗೆ ಸಿಕ್ಕಿಕೊಂಡ ಗಾಳಿಯ ಸದ್ದು.

ರಿಸರ್ವಾಯರ್ ನೋಡಿ. ಕೂಲಂಟ್ ಕಡಿಮೆಯಿದ್ರೆ ಅಲ್ಲೊಂದು ಸುಳಿ ಏಳುತ್ತೆ, ಅದು ಗಾಳೀನ ಸೀದಾ ಪಂಪಿಗೆ ಎಳೆಯುತ್ತೆ. ತುಂಬಿಸಿ. ಮುಚ್ಚಳ ಬಿಗಿಮಾಡಿ, ಕೇಸನ್ನ ಮೆಲ್ಲಗೆ ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ವಾಲಿಸಿ. ರೇಡಿಯೇಟರ್ ಮೂಲೆಯಲ್ಲಿ ಅಡಗಿದ್ದ ಗುಳ್ಳೆಗಳು ಸಾಸಿವೆ ಕಾಳಿನ ಹಾಗೆ ಟ್ಯೂಬಲ್ಲಿ ಸಾಲಾಗಿ ಬರ್ತವೆ. ಪಂಪಿನ ವೇಗ ಏರಿಸಿ ಇಳಿಸಿದ್ರೆ ಇನ್ನೂ ಬೇಗ ಹೊರಡ್ತವೆ. ಪೂರ್ತಿ ಹೋಗೋಕೆ ಕೆಲವು ದಿನ ಹಿಡಿಯಬಹುದು. ಕೂಲಂಟ್ ಮಟ್ಟ ಇಳಿದಂತೆ ಮತ್ತೆ ತುಂಬಿಸ್ತಾ ಇರಿ.

ಆಮೇಲೂ ಗುಂಯ್ ಅಂತಿದ್ರೆ ಪಂಪನ್ನ ಕೇಸಿಗೆ ಬಿಗಿದಿರೋ ಸ್ಕ್ರೂ ಬಿಚ್ಚಿ, ಪಂಪನ್ನ ಕೈಯಲ್ಲಿ ಸ್ವಲ್ಪ ಎತ್ತಿ ಹಿಡೀರಿ. ಸದ್ದು ತಗ್ಗಿತಾ? ಹಾಗಾದ್ರೆ ನಡುಗ್ತಿದ್ದದ್ದು ಕೇಸಿನ ತಗಡು. ಅಡಿಗೆ ರಬ್ಬರ್ ಇಲ್ಲವೇ ಫೋಮ್ ಕೊಡಿ. ಡಿ5 ವೇರಿಯೋ ಪಂಪಾದ್ರೆ ಹಿಂದಿನ ಡಯಲನ್ನ 5ರಿಂದ 3ಕ್ಕೆ ಇಳಿಸಿ. ತಾಪಮಾನದಲ್ಲಿ ಹೆಚ್ಚೇನೂ ವ್ಯತ್ಯಾಸ ಬರಲ್ಲ.

ಒಂದು ಮಾತ್ರ ನೆನಪಿರಲಿ: ಒಣ ಪಂಪನ್ನ ಒಂದು ಕ್ಷಣವೂ ಓಡಿಸಬೇಡಿ. ಅದರ ಬೇರಿಂಗಿಗೆ ಜಾರಿಕೆ, ತಂಪು ಎರಡೂ ಸಿಗೋದು ಆ ಕೂಲಂಟಿಂದಲೇ. ಗಾಳಿ ಪೂರ್ತಿ ಹೋಗಿ, ರಬ್ಬರ್ ಕೊಟ್ಟ ಮೇಲೂ ಕರಕರ ಅಂತಿದ್ರೆ ಬೇರಿಂಗ್ ಸವೆದಿರೋ ಸಾಧ್ಯತೆ ಹೆಚ್ಚು. ವಾರಂಟಿ ಇದ್ರೆ ಇವತ್ತೇ ಕೇಳಿ.