ಗ್ರೀಸಿನ ಕರಿಪುಡಿ ಲೋಹದಂತಾಗುವ ಬಗೆ

ನೀರು ಕಾದರೆ ಆವಿ, ತಣಿದರೆ ಮಂಜುಗಡ್ಡೆ. ವಸ್ತು ಅದೇ, ಸ್ಥಿತಿ ಮಾತ್ರ ಬೇರೆ. ಕಾಯಿಸದೆ, ತಣಿಸದೆ, ಬರಿಯ ಎಲೆಕ್ಟ್ರಾನುಗಳನ್ನು ಸೇರಿಸುವುದರಿಂದಲೂ ಇಂತಹ ಸ್ಥಿತ್ಯಂತರ ಆಗುವುದುಂಟು. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಓದಿದ್ದನ್ನು ಮನೆಯವರಿಗೆ ತಿಳಿಯುವಂತೆ ಹೇಳಲಾಗದಿದ್ದರೆ ಆ ಓದು ನನ್ನೊಬ್ಬನದಾಗಿಯೇ ಉಳಿದೀತೆಂಬ ಅಂಜಿಕೆ ನನಗಿದೆ. ಆದಕಾರಣ ಅವರು ಬಲ್ಲ ವಸ್ತುವಿನಿಂದಲೇ ಆರಂಭಿಸುತ್ತೇನೆ.

ಲಾರಿಗಳಿಗೆ ಬಳಿಯುವ ಒಂದು ಬಗೆಯ ಕರಿಯ ಗ್ರೀಸಿನಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಪುಡಿ ಇರುತ್ತದೆ. ಗ್ಯಾರೇಜಿನಲ್ಲಿ ದುಡಿಯುವ ನಮ್ಮ ತಂದೆಯವರಿಗೆ ಅದರ ಜಾರುವ ಗುಣ ಬೆರಳಿಗೇ ಗೊತ್ತು. ಜಾರುವುದೇಕೆ? ಆ ವಸ್ತು ಚಿರೋಟಿಯಂತೆ ಪದರಪದರವಾಗಿದೆ. ಒಂದೊಂದು ಪದರದ ನಡುವೆ ಮಾಲಿಬ್ಡಿನಂ ಪರಮಾಣುಗಳು, ಮೇಲೂ ಕೆಳಗೂ ಗಂಧಕದವು. ಪದರದೊಳಗಿನ ಬಂಧ ಗಟ್ಟಿ. ಒಂದು ಪದರಕ್ಕೂ ಇನ್ನೊಂದಕ್ಕೂ ಇರುವ ಬಂಧ ಬಲು ಸಡಿಲ. ಇಷ್ಟು ಹೇಳಿದಾಗ ತಂದೆಯವರು, "ಹಂಗಾದ್ರೆ ಆ ಸಂದೀಲಿ ಏನಾದ್ರೂ ತೂರಿಸ್ಬೋದಲ್ವೇನೋ?" ಎಂದರು. ವಿಜ್ಞಾನಿಗಳು ಮಾಡಿದ್ದೂ ಅದನ್ನೇ.

ಈ ಪುಡಿ ಸಹಜವಾಗಿ ಅರೆವಾಹಕ. ಇದರ ಎಲೆಕ್ಟ್ರಾನುಗಳು ಕೆಳಗಿನ ಸ್ಥಾನಗಳನ್ನೆಲ್ಲ ತುಂಬಿಕೊಂಡಿರುತ್ತವೆ. ಕಿಕ್ಕಿರಿದ ಬಸ್ಸಿನಲ್ಲಿ ಯಾರೂ ಅಲುಗಾಡಲಾರರಷ್ಟೆ. ಲಿಥಿಯಂ ಸಂದಿಗೆ ಹೊಕ್ಕಾಗ ತನ್ನದೊಂದು ಎಲೆಕ್ಟ್ರಾನನ್ನು ಪದರಕ್ಕೆ ಕೊಟ್ಟು, ತಾನು ಅಯಾನಾಗಿ ಸಂದಿಯಲ್ಲೇ ನಿಲ್ಲುತ್ತದೆ. ಹೊಸದಾಗಿ ಬಂದ ಎಲೆಕ್ಟ್ರಾನು ಮೇಲಿನ ಅಂತಸ್ತಿಗೆ ಹೋಗಬೇಕು. ಅದಕ್ಕೆ ಹೆಚ್ಚು ಶಕ್ತಿ ಬೇಕು. ಇಂಥವು ಹೆಚ್ಚಿದಂತೆ ಹಳೆಯ ಜೋಡಣೆಯೇ ದುಬಾರಿಯಾಗಿ, ಗಂಧಕದ ಒಂದು ಹಾಸು ಪಕ್ಕಕ್ಕೆ ಸರಿಯುತ್ತದೆ. ಮೊದಲು ಮೇಲಿನ ಗಂಧಕ ಕೆಳಗಿನದರ ನೆತ್ತಿಯ ನೇರಕ್ಕಿತ್ತು; ಈಗ ಓರೆಯಾಯಿತು. ಈ ಜೋಡಣೆಯಲ್ಲಿ ಸ್ಥಾನಗಳು ಅರೆಬರೆ ತುಂಬಿರುವುದರಿಂದ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅರೆವಾಹಕವು ಲೋಹದಂತಾಯಿತು! ಲಿಥಿಯಂನಿಂದಾಗುವ ಈ ಮಾರ್ಪಾಟನ್ನು ಕೆನಡಾದ ಪೈ ಮತ್ತು ಹೇರಿಂಗ್ ಎಂಬುವರು 1983ರಲ್ಲಿ ವರದಿ ಮಾಡಿದರು.

ನನಗೆ ಇದಕ್ಕಿಂತಲೂ ಸೋಜಿಗವೆನಿಸಿದ್ದು ಇನ್ನೊಂದು. ನೀರು ಹಾಕಿ ಲಿಥಿಯಂ ತೆಗೆದರೂ ಪದರಗಳು ಕೂಡಲೇ ಹಳೆಯ ರೂಪಕ್ಕೆ ಮರಳವು. ಕೊಟ್ಟವನು ಹೋದರೂ ಕೊಡುಗೆಯ ಗುರುತು ಉಳಿಯುತ್ತದೆ. ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಮೊದಲಿನಂತಾಗುತ್ತವೆ.

ಲಿಥಿಯಂಗೆ ಬದಲು ಪೊಟ್ಯಾಸಿಯಂ ತೂರಿಸಿದರೆ ಇದೇ ಪುಡಿ ಸುಮಾರು 6 ಕೆಲ್ವಿನ್ ಉಷ್ಣತೆಯಲ್ಲಿ ಅತಿವಾಹಕವಾಗುತ್ತದೆ, ಎಂದರೆ ಅದರಲ್ಲಿ ವಿದ್ಯುತ್ತಿಗೆ ತಡೆಯೇ ಇರದು. ಜಪಾನಿನ ಯಮನಕ ಮತ್ತು ಸಂಗಡಿಗರು ಹಾಫ್ನಿಯಂ ನೈಟ್ರೈಡ್ ಕ್ಲೋರೈಡ್ ಎಂಬ ಮತ್ತೊಂದು ಪದರವಸ್ತುವಿನ ಸಂದಿಗೆ ಲಿಥಿಯಂ ಜತೆ ಸಾವಯವ ದ್ರಾವಕವೊಂದರ ಅಣುಗಳನ್ನೂ ಹೊಗಿಸಿ, ಸಂದಿಯನ್ನು ಮತ್ತಷ್ಟು ಅಗಲಿಸಿದರು. 1998ರಲ್ಲಿ ಅವರು ಪ್ರಕಟಿಸಿದಂತೆ ಅದು 25.5 ಕೆಲ್ವಿನ್‌ನಲ್ಲೇ ಅತಿವಾಹಕವಾಯಿತು.