ಎದೆಬಡಿತದ ಲೆಕ್ಕ ತಪ್ಪಿದಾಗ

ಕಳೆದ ವರ್ಷ ನಂದಿಬೆಟ್ಟದ ಏರಿನಲ್ಲಿ ಏದುಸಿರು ಬಿಡ್ತಿದ್ದೆ. ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಮಾತ್ರ ನಿಮಿಷಕ್ಕೆ 118 ಬಡಿತ ಅಂತ ತಣ್ಣಗೆ ತೋರಿಸ್ತಿತ್ತು. ‘ಇನ್ನೂ ತುಳೀಬಹುದು’ ಅಂದುಕೊಂಡೆ. ಎರಡು ತಿರುವು ದಾಟುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ರಸ್ತೆಬದಿ ಕೂತೆ. ಅಪ್ಪನಿಗೆ ಐವತ್ತಕ್ಕೇ ಹೃದಯಾಘಾತ ಆಗಿದ್ದು ಆಗ ನೆನಪಾಯ್ತು.

ಡಾಕ್ಟರ್ ಪರೀಕ್ಷಿಸಿ, ಹೃದಯ ಚೆನ್ನಾಗಿದೆ ಅಂದರು. ತಪ್ಪಿದ್ದು ವಾಚಿನ ಲೆಕ್ಕ. ಅದು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಹರಿವು ನೋಡುತ್ತೆ. ಹ್ಯಾಂಡಲ್ ಬಿಗಿಹಿಡಿದು ಮಣಿಕಟ್ಟು ಬಾಗಿದರೆ, ರಸ್ತೆ ಕುಲುಕಿದರೆ ಲೆಕ್ಕ ತಪ್ಪಬಹುದು. ಎದೆಗೆ ಕಟ್ಟುವ ಚೆಸ್ಟ್ ಸ್ಟ್ರಾಪ್ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತೆ. ಅದನ್ನೇ ಕೊಂಡೆ. ನೀವು ಕೊಳ್ಳುವಾಗ ನಿಮ್ಮ ಸೈಕಲ್ ಕಂಪ್ಯೂಟರ್‌ಗೆ ಬ್ಲೂಟೂತ್ ಸಾಕಾ, ಆಂಟ್ ಪ್ಲಸ್ ಬೇಕಾ, ಪಟ್ಟಿ ಮಾತ್ರ ಬೇರೆಯಾಗಿ ಸಿಗುತ್ತಾ, ನೋಡಿಕೊಳ್ಳಿ.

ಆರೈಕೆ ಸುಲಭ. ಕಟ್ಟುವ ಮುಂಚೆ ಪಟ್ಟಿಯ ಒಳಭಾಗ ಒದ್ದೆ ಮಾಡಿ. ಒಣಗಿದ್ದರೆ ಸಂಖ್ಯೆ ಹುಚ್ಚಾಪಟ್ಟೆ ಕುಣಿಯುತ್ತೆ. ಮನೆಗೆ ಬಂದಮೇಲೆ ಸೆನ್ಸರ್ ಬಿಚ್ಚಿಡಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಅದು ಎಚ್ಚರವಾಗೇ ಇದ್ದು ಬ್ಯಾಟರಿ ಬೇಗ ಮುಗಿಯಬಹುದು. ಬೆವರು ತೊಳೆದು ಪಟ್ಟಿ ನೆರಳಲ್ಲಿ ಒಣಗಿಸಿ. ಬಹಳಷ್ಟು ಸೆನ್ಸರ್‌ಗಳಿಗೆ ಬೇಕಾಗೋದು ಸಿಆರ್ 2032 ಸೆಲ್, ಒಂದು ಮನೇಲಿರಲಿ.

ಈಗ ಪಟ್ಟಿ ಕಟ್ಟಿಕೊಂಡೇ ಬೆಟ್ಟ ಹತ್ತುತೀನಿ. ಆದರೂ ಸಂಖ್ಯೆ ಏನೇ ಹೇಳಲಿ, ಎದೆ ‘ಸಾಕು’ ಅಂದ್ರೆ ಇಳಿದು ನಿಲ್ತೀನಿ.